ಜನರೇಟರ್ ಕೊಳ್ಳುವ ಮುಂಚೆ ಮೋಟಾರ್ ಎಣಿಸಿ

ಕೇಳುಗರಿಗೆ ನಮಸ್ಕಾರ. ಮೈಸೂರಿನಲ್ಲಿ 30 ವರ್ಷದಿಂದ ಮೋಟಾರ್ ವೈಂಡಿಂಗ್ ಮಾಡುತ್ತಿದ್ದೇನೆ. ಅಂಗಡಿಗೆ ಬಂದವರು ಕೇಳುವುದು ಒಂದೇ: 'ಮನೆಗೆ ಎಷ್ಟು ಕೆವಿಎ ಜನರೇಟರ್ ಬೇಕು ಸ್ವಾಮಿ?' ಕೆವಿಎ ಅಂದರೆ ಜನರೇಟರ್ ಎಷ್ಟು ಹೊರೆ ಹೊರಬಲ್ಲದು ಅನ್ನುವ ಅಳತೆ. ನಾನು ತಿರುಗಿ ಕೇಳುವುದೂ ಒಂದೇ: 'ಮನೆಯಲ್ಲಿ ಮೋಟಾರ್ ಎಷ್ಟಿವೆ?' ನೀರಿನ ಪಂಪು ಒಂದೇ ಅನ್ನುತ್ತಾರೆ. ಫ್ರಿಜ್ಜಿನಲ್ಲಿ ಇರುವುದೇನು ಮತ್ತೆ, ಐಸಾ?

ಕಬ್ಬು ತುಂಬಿದ ಗಾಡಿ ನೋಡಿದ್ದೀರಲ್ಲ. ಗದ್ದೆಯಿಂದ ಹೊರಡುವಾಗ ಎತ್ತುಗಳು ಮಂಡಿಯೂರಿ ಎಳೆಯುತ್ತವೆ. ಚಕ್ರ ಉರುಳಿದ ಮೇಲೆ ಸಲೀಸು. ಮೋಟಾರೂ ಅಷ್ಟೇ. ಶುರುವಾಗುವ ಒಂದೆರಡು ಸೆಕೆಂಡು ಮೂರು ಪಟ್ಟು ಕರೆಂಟ್ ಎಳೆಯುತ್ತದೆ, ಕೆಲವು ಇನ್ನೂ ಜಾಸ್ತಿ. ಆ ಎಳೆತಕ್ಕೆ ಜನರೇಟರ್ ತಡೆಯಬೇಕು.

ನಮ್ಮ ಭಾವ ಮಂಡ್ಯದ ಹತ್ತಿರದವರು. ಮಗಳ ಸೀಮಂತಕ್ಕೆಂದು 2 ಕೆವಿಎ ಜನರೇಟರ್ ತಂದರು. ಬೆಳಿಗ್ಗೆಯೇ ಕರೆಂಟ್ ಹೋಯಿತು. ಹಗ್ಗ ಎಳೆದರು, ಬಲ್ಬು, ಫ್ಯಾನು, ಟಿವಿ ಎಲ್ಲಾ ಬಂತು. 'ನೋಡಿದ್ಯಾ, ನೀನು ಹೇಳಿದ್ದರ ಅರ್ಧ ದುಡ್ಡಿಗೆ!' ಅಂತ ಮೀಸೆ ತಿರುವಿದರು. ಅಷ್ಟರಲ್ಲಿ ಅಡುಗೆ ಭಟ್ಟರು ನೀರಿಲ್ಲ ಅಂತ ಕೂಗಿದರು. ಅಕ್ಕ ಪಂಪಿನ ಸ್ವಿಚ್ ಒತ್ತಿದಳು. ದೀಪ ಮಂಕಾಯಿತು, ಜನರೇಟರ್ ಗುರ್ ಅಂದು ನಿಂತೇ ಹೋಯಿತು. ಮತ್ತೆ ಹಗ್ಗ, ಮತ್ತೆ ಪಂಪು, ಮತ್ತೆ ಗುರ್. ನಾಲ್ಕನೇ ಸಲಕ್ಕೆ ಭಾವನ ಪಂಚೆಯೇ ಸಡಿಲವಾಗಿತ್ತು. ಕೊನೆಗೆ ಪಕ್ಕದ ಮನೆ ಬಾವಿಯಿಂದ ನೀರು ಸೇದಿದೆವು. ಹೊಸ ಶರಟು ಹಾಕಿಕೊಂಡಿದ್ದ ನಾನೂ ಎಂಟು ಬಿಂದಿಗೆ ಹೊತ್ತೆ. ಅವರ ಪಂಪು 1 ಎಚ್‌ಪಿ. ಓಡಲು ಸುಮಾರು 1000 ವ್ಯಾಟ್ ಸಾಕು. 2 ಕೆವಿಎ ಅಂದರೆ 2000, ಅದನ್ನು 0.8ರಿಂದ ಗುಣಿಸಿದರೆ ಜನರೇಟರ್ ಕೊಡುವುದು 1600 ವ್ಯಾಟ್. ಭಾವ ಕೂಡಿದ್ದೇನೂ ತಪ್ಪಲ್ಲ. ಎಳೆತ ಮರೆತಿದ್ದರು.

ಪೆನ್ನು ತಗೊಳ್ಳಿ. ಆರು ಎಲ್‌ಇಡಿ ಬಲ್ಬು, ಮೂರು ಫ್ಯಾನು, ಟಿವಿ, ಫ್ರಿಜ್ಜು ಸೇರಿ 600 ವ್ಯಾಟ್ ಅಂತಿಟ್ಟುಕೊಳ್ಳಿ. ಅದಕ್ಕೆ 1 ಎಚ್‌ಪಿ ಪಂಪಿನ ಎಳೆತ, ಅಂದರೆ 1000ದ ಮೂರು ಪಟ್ಟು, 3000 ಸೇರಿಸಿ. 3600 ಆಯಿತು. ವ್ಯಾಟನ್ನು ಕೆವಿಎಗೆ ತರಲು 0.8ರಿಂದ ಭಾಗಿಸಿದರೆ 4500, ಅಂದರೆ ನಾಲ್ಕೂವರೆ ಕೆವಿಎ. ಅಂಗಡಿಯಲ್ಲಿ 5 ಕೇಳಿ. ಎಳೆತ ಕೂಡದೆ ಲೆಕ್ಕ ಮುಗಿಸಬೇಡಿ, ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಸಮಯ ಆಯಿತೆಂದು ಸ್ಟುಡಿಯೋ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಗೀಸರ್ ಜನರೇಟರಿಗೆ ಬೇಡ, ಅದೊಂದೇ 2000 ವ್ಯಾಟ್ ನುಂಗುತ್ತದೆ. ಜನರೇಟರನ್ನು ಮನೆಯೊಳಗೆ, ವರಾಂಡದಲ್ಲಿ ಇಡಬೇಡಿ, ಆ ಹೊಗೆ ಜೀವ ತೆಗೆಯುತ್ತದೆ. ಮನೆಗೆ ಕಂಬದ ಕರೆಂಟು ಇಲ್ಲವೇ ಜನರೇಟರ್ ಕರೆಂಟು, ಎರಡರಲ್ಲಿ ಒಂದನ್ನೇ ಕೊಡುವ ಚೇಂಜ್‌ಓವರ್ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಕೈಲೇ ಹಾಕಿಸಿ. ಇಲ್ಲದಿದ್ದರೆ ನಿಮ್ಮ ಕರೆಂಟು ಕಂಬಕ್ಕೆ ವಾಪಸ್ ಹೋಗುತ್ತದೆ, ಕಂಬದ ಮೇಲೆ ಲೈನ್‌ಮನ್ ಇರುತ್ತಾನೆ. ನಮಸ್ಕಾರ.