ಬೀಗ ಹಾಕಿದ ಮನೆಯ ಒಳಗೋಡೆ

ಕೇಳುಗರಿಗೆ ನಮಸ್ಕಾರ.

ಮುಂಬಯಿ, ಪುಣೆಯಲ್ಲಿ ದುಡಿದು, ಲೋಣಾವಳದಲ್ಲೋ ಕರ್ಜತ್‌ನಲ್ಲೋ ಗೋವಾದಲ್ಲೋ ಪುಟ್ಟ ಮನೆ ಮಾಡಿಕೊಂಡ ಕನ್ನಡಿಗರು ಬೇಕಾದಷ್ಟು ಮಂದಿ ಇದ್ದೀರಿ. ನಿಮಗೆ ಹೇಳುವುದು ಒಂದೇ ಮಾತು. ಮಳೆಗಾಲವಿಡೀ ಬೀಗ ಬಿದ್ದಿರುವ ಮನೆಗೆ, ನೀರು ಕುಡಿದು ಮತ್ತೆ ಹೊರಗೆ ಬಿಡುವಂಥ ಗೋಡೆ ಬೇಕು.

ನೀವು ವಾಸವಿರುವ ಫ್ಲ್ಯಾಟಿನ ಲೆಕ್ಕ ಬೇರೆ. ಅಲ್ಲಿ ಫ್ಯಾನು ತಿರುಗುತ್ತದೆ, ಒಲೆ ಉರಿಯುತ್ತದೆ. ಗೋವಾಕ್ಕೆ ಜೂನ್ 5ರ ಸುಮಾರಿಗೆ, ಮುಂಬಯಿಗೆ 11ರ ಸುಮಾರಿಗೆ ಮಳೆ ಹಿಡಿಯುತ್ತದೆ. ಅಲ್ಲಿಂದ ನವರಾತ್ರಿಯವರೆಗೆ ಮುಚ್ಚಿದ ಮನೆಯೊಳಗೆ ಗಾಳಿಯೇ ಆಡುವುದಿಲ್ಲ. ತೇವ ನೂರಕ್ಕೆ ಎಂಬತ್ತು ದಾಟಿತೆಂದರೆ ಬೂಷ್ಟಿಗೆ ಹಬ್ಬ. ಕಾಗದ, ಮರದ ಪುಡಿ, ಅಂಟು, ಯಾವುದಾದರೂ ಆದೀತು ಅದಕ್ಕೆ.

ಲೋಣಾವಳದ ಒಂದು ಮನೆಯ ಸಂಗತಿ ಕೇಳಿ. ಕಲ್ಲುಗೋಡೆ ಒರಟು ಕಾಣುತ್ತದೆಂದು ಒಳಬದಿಗೆ ಜಿಪ್ಸಮ್ ಬೋರ್ಡ್, ಅಂದರೆ ಎರಡೂ ಬದಿಗೆ ಕಾಗದ ಅಂಟಿಸಿದ ಜಿಪ್ಸಮ್ ಹಲಗೆ, ಹೊಡೆಸಿದರು. ಕಲ್ಲಿಗೂ ಬೋರ್ಡಿಗೂ ನಡುವೆ ಎರಡು ಇಂಚು ಸಂದು, ಮೇಲೂ ಕೆಳಗೂ ಬಂದ್. ಬೋರ್ಡಿನ ಮೇಲೆ ಪುಟ್ಟಿ, ಪ್ಲಾಸ್ಟಿಕ್ ಪೇಂಟ್, ಮಂಚದ ಹಿಂದೆ ವಾಲ್‌ಪೇಪರ್. ಮೇ ತಿಂಗಳಲ್ಲಿ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ದಸರೆಗೆ ಬಾಗಿಲು ತೆಗೆದರೆ ವಾಲ್‌ಪೇಪರು ಜೋತುಬಿದ್ದಿದೆ, ಬೋರ್ಡಿಗೆ ಬೆರಳೊತ್ತಿದರೆ ಬೆರಳು ಒಳಗೆ ಹೋಗುತ್ತದೆ, ಹಿಂಬದಿಯ ಕಾಗದ ಪೂರಾ ಕಪ್ಪು. ಮಾಡು ಸೋರಿದೆಯೆಂದು ಹೆಂಚು ತಿರುವಿಸಿದರು. ಮಾಡು ಸೋರಿರಲೇ ಇಲ್ಲ. ಆಮೇಲೆ ಬೋರ್ಡು ಕಿತ್ತು ಸಿಮೆಂಟ್ ಗಾರೆ ಮಾಡಿಸಿ, ವಾಟರ್‌ಪ್ರೂಫ್ ಪೇಂಟ್ ಬಳಿಸಿದರು. ಮರುವರ್ಷ ಅದು ಗುಳ್ಳೆಯೆದ್ದು ಹಪ್ಪಳದ ಹಾಗೆ ಕಳಚಿತು. ಮಳೆ ಬಡಿಯುವ ಪಡುವಣ ಗೋಡೆ ಹೀರಿದ ನೀರು ಒಳಮುಖದಿಂದಲೂ ಆರಬೇಕು. ದಾರಿ ಕಟ್ಟಿದರೆ ಅದು ಪೇಂಟನ್ನೇ ನೂಕುತ್ತದೆ. ಮೂರನೆಯ ಸಲ ಎಲ್ಲ ಕಿತ್ತು ಸುಣ್ಣದ ಗಾರೆ ಮಾಡಿಸಿದರು. ಮೂರು ಸಲ ದುಡ್ಡು ಸುರಿದು ಬಂದು ಸೇರಿದ್ದು ಅಜ್ಜಂದಿರ ಸುಣ್ಣಕ್ಕೇ!

ಹಾಗಾದರೆ ಸುಣ್ಣದ ಗಾರೆ ಹೇಗೆ? ಎರಡು ವಾರ ನೀರಿನಡಿಯಲ್ಲಿ ನೆನೆದ ಸುಣ್ಣ ಒಂದು ಪಾಲು, ತೊಳೆದ ಹೊಳೆಮರಳು ಮೂರು ಪಾಲು. ಕಡಲ ಮರಳು ಬೇಡವೇ ಬೇಡ, ಅದರ ಉಪ್ಪು ಮಳೆಗಾಲ ಬಂದಾಗೆಲ್ಲ ತೇವ ಎಳೆಯುತ್ತದೆ. ಗೋಡೆ ನೆನೆಸಿ, ಒಂದು ಕೋಟು 10 ಮಿಲಿಮೀಟರಿನಷ್ಟು ಮಾತ್ರ ಹಚ್ಚಿಸಿ. ಒಂದು ವಾರ ನೀರು ಚಿಮುಕಿಸುತ್ತ ಇರಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ, ನಿಧಾನಕ್ಕೆ. ಬಿಸಿಲಿಗೆ ಬೇಗ ಒಣಗಿದರೆ ಪುಡಿ ಉದುರುತ್ತದೆ. ಮೇಸ್ತ್ರಿ "ಸ್ವಲ್ಪ ಸಿಮೆಂಟ್ ಬೆರೆಸೋಣ, ಬೇಗ ಮುಗಿಯುತ್ತೆ" ಅನ್ನುತ್ತಾನೆ. ದಯವಿಟ್ಟು ಒಪ್ಪಬೇಡಿ. ಗಾರೆ ಒಣಗಿದ ಮೇಲೆ ಹಾಲಿನಷ್ಟು ತೆಳ್ಳಗಿನ ಸುಣ್ಣದ ನೀರು, ದಿನ ಬಿಟ್ಟು ದಿನ ಮೂರು ಕೈ. ಸುಣ್ಣ ಕ್ಷಾರ, ಬೂಷ್ಟಿಗೆ ಅದು ಆಗದು. ಗೋವಾದ ಹಳೆಯ ಚಿರೆಕಲ್ಲಿನ ಮನೆಗಳಿಗೆ ಚಿಪ್ಪು ಸುಟ್ಟ ಸುಣ್ಣ ಬಳಿದದ್ದು ಬರಿಯ ಚಂದಕ್ಕಲ್ಲ. ದೀಪಾವಳಿ ಕಳೆದ ಕೂಡಲೇ ಕೆಲಸ ಹಿಡಿದರೆ ಮಳೆಗೆ ಮುಂಚೆ ಗೋಡೆ ಆರುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ಬೋರ್ಡೇ ಬೇಕೆನ್ನುವವರು ಸಿಮೆಂಟ್ ಫೈಬರ್ ಬೋರ್ಡ್ ಹಾಕಿಸಿ. ಹಿಂದೆ ಒಂದು ಇಂಚು ಸಂದು, ಮೇಲೂ ಕೆಳಗೂ ತೆರೆದಿರಲಿ, ಸ್ಕ್ರೂ ಸ್ಟೇನ್‌ಲೆಸ್ ಇರಲಿ. ಎಮ್‌ಡಿಎಫ್, ಅಂದರೆ ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ, ನೀರು ಕುಡಿದು ಊದಿಕೊಂಡರೆ ಮತ್ತೆ ಇಳಿಯುವುದಿಲ್ಲ. ಟೈಲ್ಸ್ ಬಚ್ಚಲಿಗೆ ಸಾಕು. ಕಪಾಟು ಹೊರಗೋಡೆಯಿಂದ ಮೂರು ಇಂಚು ದೂರ.

ಏನನ್ನೂ ಕೊಳ್ಳುವ ಮೊದಲು, ಈ ಮಳೆಗಾಲದಲ್ಲೇ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹನಿ ಹಾಳೆಯ ಒಳಬದಿಗಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ: ಹೊರಗಿನ ಬಿರುಕು ಮುಚ್ಚಿಸಿ, ಒಳಗೆ ಸುಣ್ಣ. ಹೊರಬದಿಗಿದ್ದರೆ ಅದು ಕೋಣೆಯ ಗಾಳಿಯ ತೇವ: ಎದುರುಬದುರು ಗೋಡೆಗಳಲ್ಲಿ ಮಳೆ ಎರಚದಂಥ ಜಾಲರಿ ಕಿಂಡಿ ಇಡಿಸಿ, ಒಂದು ಮೇಲೆ, ಒಂದು ಕೆಳಗೆ.