ಹೈಡ್ರೋಜನ್ ಫ್ಯೂಯಲ್ ಸೆಲ್: ಸ್ವಿಚ್ ಹಾಕಿದ ಆ ಒಂದು ಸೆಕೆಂಡು

[ಪರದೆ: ಎರಡು ಸ್ಟ್ಯಾಕ್‌ಗಳು ಅಕ್ಕಪಕ್ಕ]

ಹೈಡ್ರೋಜನ್ನನ್ನೂ ಗಾಳಿಯ ಆಮ್ಲಜನಕವನ್ನೂ ಸೇರಿಸಿ ವಿದ್ಯುತ್ ಕೊಡೋದು ಫ್ಯೂಯಲ್ ಸೆಲ್; ಅಂಥ ಸೆಲ್‌ಗಳ ಸಾಲೇ ಸ್ಟ್ಯಾಕ್. ಒಂದೇ ಥರದ ಎರಡು ಸ್ಟ್ಯಾಕ್ ತಗೊಳ್ಳಿ. ಒಂದನ್ನು ಹಗಲೂ ರಾತ್ರಿ ಒಂದೇ ಲೋಡ್‌ನಲ್ಲಿ ಓಡಿಸಿ, ಇನ್ನೊಂದನ್ನು ದಿನಕ್ಕೆ ಹತ್ತು ಸಲ ಆನ್-ಆಫ್ ಮಾಡಿ. ಮೊದಲು ಕೈಕೊಡೋದು ಎರಡನೆಯದು. ಕಾರಿನ ಸ್ಟ್ಯಾಕ್ 8,000 ಗಂಟೆ ಬಾಳಬೇಕು ಅನ್ನೋದು ಅಮೆರಿಕದ ಇಂಧನ ಇಲಾಖೆಯ ಅಂತಿಮ ಗುರಿ; ದೂರ ಓಡುವ ಟ್ರಕ್ಕಿಗೆ 30,000.

[ಪರದೆ: ಸೆಲ್‌ನ ಅಡ್ಡಸೀಳು]

ನಡುವೆ 10ರಿಂದ 20 ಮೈಕ್ರಾನ್ ದಪ್ಪದ ಮೆಂಬ್ರೇನ್, ಅಂದರೆ ಎರಡೂ ಕಡೆಯ ಅನಿಲವನ್ನು ಬೇರೆ ಇಡುವ ಪ್ಲಾಸ್ಟಿಕ್ ಪೊರೆ. ಅದರ ಎರಡೂ ಮಗ್ಗುಲಿಗೆ ಕಾರ್ಬನ್ ಪುಡಿ, ಪುಡಿಯ ಮೇಲೆ ಸುಮಾರು 3 ನ್ಯಾನೋಮೀಟರ್‌ನ ಪ್ಲಾಟಿನಂ ಕಣಗಳು.

ರಾತ್ರಿ ಗಾಡಿ ನಿಂತಾಗ ಹೈಡ್ರೋಜನ್ ಇರಬೇಕಾದ ಆನೋಡ್ ಕಡೆಗೂ ಗಾಳಿ ನುಸುಳಿರುತ್ತೆ. ಬೆಳಿಗ್ಗೆ ಹೈಡ್ರೋಜನ್ ಬಿಟ್ಟಾಗ ಅದು ಹರಿಯುವ ಕಾಲುವೆಯ ಮೊದಲರ್ಧ ಹೈಡ್ರೋಜನ್, ಉಳಿದರ್ಧ ಇನ್ನೂ ಗಾಳಿ. ಪ್ಲೇಟ್ ಒಂದೇ ಆದ್ದರಿಂದ ಎರಡೂ ಅರ್ಧಕ್ಕೆ ಒಂದೇ ವೋಲ್ಟೇಜ್. ಆಗ ಗಾಳಿ ಉಳಿದಿರುವ ಭಾಗದ ಎದುರಿನ ಕ್ಯಾಥೋಡ್ (ಗಾಳಿ ಹರಿಯುವ ಮಗ್ಗುಲು) 1.4–1.5 ವೋಲ್ಟ್‌ವರೆಗೂ ಏರುತ್ತೆ. ಅಷ್ಟು ವೋಲ್ಟೇಜ್ ಬಂದರೆ ಕಾರ್ಬನ್ ನೀರಿನ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತೆ, ಬೆಂಕಿಯಿಲ್ಲದೆ ಸುಟ್ಟ ಹಾಗೆ. ಗೋಡೆಯೇ ಕುಸಿದರೆ ಮೊಳೆ ಎಲ್ಲಿ ನಿಲ್ಲುತ್ತೆ? ಪ್ಲಾಟಿನಂ ಕಳಚುತ್ತೆ, ರಂಧ್ರಗಳು ಮುಚ್ಚುತ್ತವೆ, ನೀರು ಕಟ್ಟಿಕೊಳ್ಳುತ್ತೆ.

ಉಪಾಯ ಇದೆ. ಆಫ್ ಮಾಡುವಾಗ ಗಾಳಿಯ ಒಳದಾರಿ, ಹೊರದಾರಿ ಎರಡನ್ನೂ ವಾಲ್ವ್‌ನಿಂದ ಮುಚ್ಚಿ. ಹೈಡ್ರೋಜನ್ ಉಳಿಸಿಕೊಂಡು, ಸ್ಟ್ಯಾಕ್‌ಗೆ ರೆಸಿಸ್ಟರ್ ಜೋಡಿಸಿ ಒಳಗೆ ಮಿಕ್ಕ ಆಮ್ಲಜನಕವನ್ನು ತಿನ್ನಿಸಿ. ಆನ್ ಮಾಡುವಾಗ ಹೈಡ್ರೋಜನ್ ರಭಸವಾಗಿ ನುಗ್ಗಲಿ. ಹೈಡ್ರೋಜನ್-ಗಾಳಿಯ ಗಡಿ ಕಾಲುವೆಯನ್ನು ಎಷ್ಟು ಬೇಗ ದಾಟಿದರೆ ಅಷ್ಟು ಕಡಿಮೆ ಸವೆತ. ಎಲ್ಲ ಸೆಲ್‌ಗೂ ಹೈಡ್ರೋಜನ್ ತಲುಪುವ ಮುಂಚೆ ಲೋಡ್ ಹಾಕಬೇಡಿ. ಹಸಿದ ಸೆಲ್‌ನ ವೋಲ್ಟೇಜ್ ಉಲ್ಟಾ ತಿರುಗಿ, ಆನೋಡ್‌ನ ಕಾರ್ಬನ್ನೂ ಹೋಗುತ್ತೆ.

[ಪರದೆ: ಜೋನಿ ಬೆಲ್ಲದ ಹರಳು]

ಜೋನಿ ಬೆಲ್ಲ ಹಳೆಯದಾದರೆ ಸಣ್ಣ ಹರಳು ಕರಗಿ ದೊಡ್ಡದಕ್ಕೆ ಸೇರುತ್ತಲ್ಲ, ಪ್ಲಾಟಿನಂ ಕಥೆಯೂ ಅದೇ. ವೋಲ್ಟೇಜ್ 0.6ರಿಂದ 0.95ರ ನಡುವೆ ಏರಿಳಿದಷ್ಟೂ ಕರಗುತ್ತೆ, ಮತ್ತೆ ಕೂರುತ್ತೆ. ಕಣ 3ರಿಂದ 6 ನ್ಯಾನೋಮೀಟರ್ ಆದರೆ ಪ್ರತಿ ಗ್ರಾಂಗೆ ಸಿಗುವ ಮೇಲ್ಮೈ ಅರ್ಧಕ್ಕೆ ಅರ್ಧ. ಹಾಗಾಗಿ ಏರಿಳಿತವನ್ನು ಬ್ಯಾಟರಿಗೆ ಬಿಟ್ಟು, ಐಡಲ್‌ನಲ್ಲಿ ಸೆಲ್ 0.85 ದಾಟದಂತೆ ನೋಡಿಕೊಳ್ಳೋದು ಒಳ್ಳೆಯದು.

ಮೆಂಬ್ರೇನ್‌ಗೆ ಶತ್ರು ಕಬ್ಬಿಣ. ಒಳಗೆ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್‌ಗೆ ಕಬ್ಬಿಣದ ಅಯಾನು ತಾಗಿದರೆ ಸಿಕ್ಕಿದ್ದನ್ನು ಕೆಡಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿ ಪಾಲಿಮರ್ ಸರಪಳಿ ಕತ್ತರಿಸುತ್ತೆ. ಟೊಯೋಟಾ ಮಿರಾಯ್ ಟೈಟಾನಿಯಂ ಪ್ಲೇಟ್ ಬಳಸಿದ್ದು ಸುಮ್ಮನೆ ಅಲ್ಲ. ದುಬಾರಿ, ಆದರೆ ತುಕ್ಕಿನ ನೀರು ಒಳಗಿಳಿಯೋದಿಲ್ಲ. ಮೆಂಬ್ರೇನ್‌ಗೆ ಸೀರಿಯಂ ಬೆರೆಸಿದರೆ ರ‍್ಯಾಡಿಕಲ್‌ಗಳನ್ನು ಅದು ನುಂಗುತ್ತೆ. ಹೊರಬರುವ ನೀರಿನಲ್ಲಿ ಫ್ಲೋರೈಡ್ ಅಳೆಯಿರಿ, ಏರುತ್ತಿದ್ದರೆ ಮೆಂಬ್ರೇನ್ ಕರಗ್ತಿದೆ ಅಂತ ಅರ್ಥ. ಒದ್ದೆ-ಒಣಗು ಪದೇ ಪದೇ ಆದರೆ ಗ್ಯಾಸ್ಕೆಟ್ ಅಂಚಿನಲ್ಲಿ ಬಿರುಕು, ಅದು ಬೇರೆ.

ಇಂಧನದ ಶುದ್ಧತೆ: ಹೈಡ್ರೋಜನ್ ಇಂಧನದ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 14687 ಪ್ರಕಾರ ಕಾರ್ಬನ್ ಮೊನಾಕ್ಸೈಡ್ ದಶಲಕ್ಷಕ್ಕೆ 0.2 ಭಾಗ, ಗಂಧಕ 0.004 ಭಾಗ ಮೀರಬಾರದು. ಮೊನಾಕ್ಸೈಡ್ ಬಿಟ್ಟು ಹೋಗುತ್ತೆ, ಗಂಧಕ ಅಂಟಿಕೊಂಡರೆ ಸುಲಭಕ್ಕೆ ಬಿಡಲ್ಲ.

[ಪರದೆ: ಸೆಲ್‌ವಾರು ವೋಲ್ಟೇಜ್ ಪಟ್ಟಿ]

ಯಾವ ಕಾಯಿಲೆ ಅಂತ ಪತ್ತೆ ಹೇಗೆ? ಲೋಡ್ ಇಲ್ಲದಾಗ ಸೆಲ್‌ಗಳೆಲ್ಲ 0.95ರ ಆಸುಪಾಸಲ್ಲಿದ್ದು ಒಂದೇ ಒಂದು 0.8ಕ್ಕೆ ಇಳಿದಿದ್ದರೆ, ಆ ಮೆಂಬ್ರೇನ್ ತೂತಾಗಿರಬಹುದು. ಮೊದಲು ಸ್ಟ್ಯಾಕ್ ನಿಲ್ಲಿಸಿ, ನೈಟ್ರೋಜನ್ ಹಾಕಿ ಸೋರಿಕೆ ನೋಡಿ. ಲೋಡ್ ಇಲ್ಲದಾಗ ಎಲ್ಲ ಸರಿಯಿದ್ದು, ಲೋಡ್ ಹಾಕಿದಾಗ ಅಷ್ಟೂ ಸೆಲ್ ಒಟ್ಟಿಗೆ ಕುಗ್ಗಿದರೆ ಪ್ಲಾಟಿನಂ ಅಥವಾ ಕಾರ್ಬನ್ ಸವೆದಿರಬಹುದು.