ಇಂಗು ತಿಂದ ಕುದುರೆ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆ ತಾನೆ? ಸರಿ.

ಹಳೇ ಪುಸ್ತಕ ಅಂದ ಕೂಡಲೇ ಜನ ಕೇಳುವುದು, "ಎಷ್ಟು ಬೆಲೆ ಬರುತ್ತೆ ಸಾರ್?" ಬೆಲೆ ಬಿಡಿ. ಗಾರ್ಸಿಯಾ ದ ಒರ್ತಾನ ಪುಸ್ತಕ ನನಗೆ ಇಷ್ಟವಾಗುವುದು ಒಂದೇ ಕಾರಣಕ್ಕೆ. ಅವನು ಕೇಳಿ ಬರೆದ.

ಪೋರ್ಚುಗಲ್‌ನ ವೈದ್ಯ. 1534ರಲ್ಲಿ ಹಡಗು ಹತ್ತಿ ಬಂದವನು ಮತ್ತೆ ಊರಿಗೆ ಹೋಗಲೇ ಇಲ್ಲ. ಈ ಕಡೆಯ ಬೇರು, ಹಣ್ಣು, ಸಂಬಾರ ಪದಾರ್ಥ ನೋಡ್ತಾ ನೋಡ್ತಾ ಮೂವತ್ತು ವರ್ಷ ಕಳೆದ. 1563ರ ಏಪ್ರಿಲ್‌ನಲ್ಲಿ ಗೋವಾದಲ್ಲೇ ಪುಸ್ತಕ ಅಚ್ಚು ಹಾಕಿಸಿದ. ಅಚ್ಚಿನ ತಪ್ಪುಗಳೋ, ಕೇಳಬೇಡಿ! ತಪ್ಪು-ಒಪ್ಪುಗಳ ಪಟ್ಟಿಯೇ ಪುಟಗಟ್ಟಲೆ ಇದೆ. ಇಲ್ಲಿರುವ ಪ್ರಕಾಶಕರು ಸಮಾಧಾನ ಮಾಡಿಕೊಳ್ಳಬಹುದು.

ಇಡೀ ಪುಸ್ತಕ ಮಾತುಕತೆ. ಒಬ್ಬ ಒರ್ತಾ. ಇನ್ನೊಬ್ಬ ರುವಾನೊ, ಹಳೇ ಗ್ರೀಕರು ಹೇಳಿದ್ದೇ ವೇದವಾಕ್ಯ ಅನ್ನುವವನು. ಈ ರುವಾನೊ ಬರೀ ಕಲ್ಪನೆ. ಅಂದರೆ ಒರ್ತಾ ತಾನು ಓದಿದ್ದರ ಜೊತೆಗೇ ಜಗಳಕ್ಕೆ ಕೂತಿದ್ದಾನೆ, ಅಲ್ವಾ? ಸ್ಪೇನಿನಲ್ಲಿದ್ದಿದ್ದರೆ ಹಳೇ ಗ್ರೀಕ್ ವೈದ್ಯ ಗ್ಯಾಲೆನ್ ವಿರುದ್ಧ ಬಾಯಿ ಬಿಡುವ ಧೈರ್ಯ ಇರುತ್ತಿರಲಿಲ್ಲ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಮಧ್ಯೆ ಮಲೂಪ ಅನ್ನುವ ಹಿಂದೂ ವೈದ್ಯ ಬರುತ್ತಾನೆ. ಕೆಲಸದ ಹುಡುಗಿ ಆಂತೋನಿಯಾ ಬರುತ್ತಾಳೆ. ಕೇಳಿ ಬರೆದ ಅಂದೆನಲ್ಲ, ಇವರನ್ನೆಲ್ಲ ಕೇಳಿ.

ಈಗ ಕುದುರೆ ಕಥೆ. ಬಿಸ್ನಗ, ಅಂದರೆ ನಮ್ಮ ವಿಜಯನಗರ. ಅಲ್ಲೊಬ್ಬ ಪೋರ್ಚುಗೀಸನ ಹತ್ತಿರ ಭಾರಿ ಬೆಲೆಯ ಕುದುರೆ. ಆದರೆ ಹೊಟ್ಟೆಯಲ್ಲಿ ವಾಯು, ಅದೂ ಜಾಸ್ತಿ. ರಾಜ ಬೇಡ ಅಂದ. ನಗಬೇಡಿ, ಅದರ ಹಿಂದೆ ಮೆರವಣಿಗೆಯಲ್ಲಿ ನಡೆಯುವವರ ಪಾಡು ಯೋಚಿಸಿ! ಪೋರ್ಚುಗೀಸ ಹಿಟ್ಟಿಗೆ ಇಂಗು ಕಲಸಿ ತಿನ್ನಿಸಿದ. ವಾಸಿಯಾಯಿತು. ರಾಜ ಒಳ್ಳೇ ಬೆಲೆಗೆ ಕೊಂಡ, ಏನು ಕೊಟ್ಟೆ ಎಂದು ಕೇಳಿದ. ಇಂಗು ಅಂದ. ಅದರಲ್ಲೇನು ಆಶ್ಚರ್ಯ, ನೀನು ತಿನ್ನಿಸಿದ್ದು ದೇವತೆಗಳ ಆಹಾರ ಎಂದ ರಾಜ. ದೆವ್ವಗಳ ಆಹಾರ ಅನ್ನುವುದೇ ಸರಿ ಎಂದು ಈ ಮಹಾಶಯ ಗೊಣಗಿದ. ಮೆಲ್ಲಗೆ, ಪೋರ್ಚುಗೀಸಿನಲ್ಲಿ. ವ್ಯಾಪಾರಸ್ಥ ನೋಡಿ!

ಪುಸ್ತಕದಲ್ಲಿರುವ ಪದವೂ ಹೆಚ್ಚುಕಮ್ಮಿ ಇಂಗು ಅಂತಲೇ, ಹಿಂದಿಯವರ ಹಾಗೆ ಹಿಂಗ್ ಅಂತ ಅಲ್ಲ. ಪೋರ್ಚುಗೀಸರ ಬಾಯಲ್ಲಿ ಹಕಾರ ಹೊರಡುವುದಿಲ್ಲ, ಅದಕ್ಕೇ ಇರಬಹುದು. ನನಗಂತೂ ಖುಷಿ.

ಒರ್ತಾನಿಗೂ ಇಂಗಿನ ವಾಸನೆ ಆಗುತ್ತಿರಲಿಲ್ಲ. ಜಗತ್ತಿನಲ್ಲೇ ಕೆಟ್ಟ ವಾಸನೆ ಅನ್ನುತ್ತಾನೆ. ಆದರೆ ಇಂಗು ಹಾಕಿ ಬೇಯಿಸಿದ ಸೊಪ್ಪು ಮೂಗಿಗೆ ಕೆಟ್ಟದೆನಿಸಲಿಲ್ಲ ಎಂದೂ ಬರೆಯುತ್ತಾನೆ. ನೋಡಿ, ಸ್ವಂತ ಮೂಗಿನ ಮಾತನ್ನೂ ಪೂರ್ತಿ ನಂಬಲಿಲ್ಲ.

ನಮ್ಮಜ್ಜಿ, ಮಗು ಹೊಟ್ಟೆನೋವಿಗೆ ಅತ್ತರೆ, ಬಿಸಿನೀರಲ್ಲಿ ಇಂಗು ತೇಯ್ದು ಹೊಕ್ಕುಳ ಸುತ್ತ ಸವರುತ್ತಿದ್ದರು. ಯಾಕಜ್ಜಿ ಅಂತ ನಾನು ಒಂದು ದಿನವೂ ಕೇಳಲಿಲ್ಲ. ಪರದೇಶದ ಡಾಕ್ಟರು ಕೇಳಿದ.

ಚೀಟಿ ಬಂತು. ಆಯ್ತು, ಆಯ್ತು. ಕಾಲರಾ ಬಗ್ಗೆ ಹೇಳಬೇಕಿತ್ತು, ದತ್ತೂರಿ ಇತ್ತು, ಮುಂಬೈಯಲ್ಲಿ ವರ್ಷಕ್ಕೆರಡು ಸಲ ಫಲ ಕೊಡುತ್ತಿದ್ದ ಅವನ ಮಾವಿನ ಮರ ಇತ್ತು. ಬಿಟ್ಟೆ. 1567ರಲ್ಲಿ ಯುರೋಪಿನ ಸಸ್ಯವಿಜ್ಞಾನಿ ಕ್ಲೂಸಿಯಸ್ ಈ ಪುಸ್ತಕವನ್ನು ಲ್ಯಾಟಿನ್ನಿಗೆ ಇಳಿಸುವಾಗ ಮಾತುಕತೆಯನ್ನೇ ಕತ್ತರಿಸಿಬಿಟ್ಟ. ಕೇಳಿದ್ದೆಲ್ಲ ಹೋಯಿತು, ಉತ್ತರ ಉಳಿಯಿತು.

ಒರ್ತಾ ಯಹೂದಿ ಮನೆತನದವನು. 1568ರಲ್ಲಿ ತೀರಿಕೊಂಡ. ಮರುವರ್ಷ ತಂಗಿ ಕತರೀನಾಳನ್ನು, ಗುಟ್ಟಾಗಿ ಯಹೂದಿ ಧರ್ಮ ಪಾಲಿಸಿದಳೆಂದು, ಗೋವಾದ ಇನ್‌ಕ್ವಿಸಿಷನ್, ಅಂದರೆ ಚರ್ಚಿನ ವಿಚಾರಣಾ ನ್ಯಾಯಾಲಯ, ಸುಟ್ಟಿತು. 1580ರಲ್ಲಿ ಇವನ ಮೂಳೆಗಳನ್ನೂ ಅಗೆದು ತೆಗೆದು ಸುಟ್ಟರು. ಇವತ್ತು ಪಣಜಿಯಲ್ಲಿ, ದೊಡ್ಡ ಚರ್ಚಿನ ಹತ್ತಿರ, ಇವನ ಹೆಸರಿನ ಪಾರ್ಕ್ ಇದೆ.

ಪ್ರಶ್ನೆಗಳಿದ್ದರೆ ಕೇಳಿ. ಬೆಲೆ ಒಂದು ಬಿಟ್ಟು.